ತಡೆಯಿಲ್ಲದ ಅಮಲು

ಕಳೆದ ವರ್ಷ ಆಷಾಢದ ಒಂದು ಮಧ್ಯಾಹ್ನ ನಾವು ಪ್ರಥಮ ವರ್ಷದ ತರಗತಿಯಲ್ಲಿ ಚಲನಶಾಸ್ತ್ರದ ಪಾಠ ಹೇಳುತ್ತಿದ್ದೆವು. ಕರಿಹಲಗೆಯ ಮೇಲೆ ಎರಡು ರೇಖೆಗಳಿದ್ದವು. ಎರಡೂ ಮುಟ್ಟುವ ಎತ್ತರ ಒಂದೇ. ಆದರೆ ಒಂದು ಓರೆಯಾಗಿ, ಸಾವಧಾನವಾಗಿ ಏರುತ್ತಿತ್ತು, ಇನ್ನೊಂದು ಗೋಡೆಯಂತೆ ನೆಟ್ಟಗೆ ಎದ್ದಿತ್ತು. ಪಾಠ ಮುಗಿಯುವ ಹೊತ್ತಿಗೆ, ಕುರುಗೋಡಿನಿಂದ ದಿನವೂ ಬಸ್ಸಿನಲ್ಲಿ ಬಳ್ಳಾರಿಗೆ ಬಂದುಹೋಗುವ ವಿದ್ಯಾರ್ಥಿಯೊಬ್ಬನು ಎದ್ದುನಿಂತು, ಇದು ಪಾಠಕ್ಕೆ ಸಂಬಂಧಿಸಿದ್ದಲ್ಲ ಎಂದು ತಾನೇ ಮುನ್ನುಡಿ ಹೇಳಿ, ಹೀಗೆ ಕೇಳಿದನು: "ಸರ್, ಕೊಕೇನೂ ಕ್ರ್ಯಾಕೂ ಒಂದೇ ಪದಾರ್ಥವೆಂದು ಪತ್ರಿಕೆಯಲ್ಲಿ ಓದಿದೆ. ಪದಾರ್ಥ ಒಂದೇ ಆದಮೇಲೆ ಒಂದಕ್ಕಿಂತ ಇನ್ನೊಂದು ಹೆಚ್ಚು ಅಪಾಯದ್ದು ಹೇಗಾದೀತು?"

ತರಗತಿ ನಕ್ಕಿತು. ನಮಗೆ ನಗು ಬರಲಿಲ್ಲ. ಏಕೆಂದರೆ ಅವನ ಪ್ರಶ್ನೆಯ ಉತ್ತರ ಆಗ ಕರಿಹಲಗೆಯ ಮೇಲೆಯೇ ಇದ್ದಿತು. ಅಂದು ಗಂಟೆ ಬಾರಿಸಿದ್ದರಿಂದ ಹೇಳಲಾಗದೆ ಉಳಿದುದನ್ನು ಇಲ್ಲಿ ಸಾವಕಾಶವಾಗಿ ಹೇಳಬೇಕೆಂದಿದ್ದೇವೆ. ಕ್ರ್ಯಾಕ್ ನಮ್ಮ ಊರುಗಳ ಪಿಡುಗಲ್ಲ. ಬಳ್ಳಾರಿಯಲ್ಲಾಗಲಿ ಸಿರುಗುಪ್ಪದಲ್ಲಾಗಲಿ ಅದರ ಹೆಸರು ಕೇಳಿದವರೇ ವಿರಳ. ಆದರೆ ಆ ಪದಾರ್ಥವನ್ನು ಭಯಂಕರವನ್ನಾಗಿ ಮಾಡಿದ ಉಪಾಯವೊಂದಿದೆಯಲ್ಲ, ಅದು ಬೇರೊಂದು ವೇಷದಲ್ಲಿ ನಮ್ಮ ಜಿಲ್ಲೆಗೆ ಬಂದು ಬಹಳ ದಿನಗಳಾದುವು.

ಮೊದಲು ಆ ಎರಡು ರೇಖೆಗಳ ಮಾತು. ಬಳ್ಳಾರಿಯ ಕೋಟೆಗುಡ್ಡವನ್ನು ಹತ್ತಿದವನು ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದು ಬರಬಹುದು. ತಲೆಕೆಟ್ಟರೆ ಬಂಡೆಯ ಅಂಚಿನಿಂದ ಧುಮುಕಲೂಬಹುದು. ಇಬ್ಬರೂ ಇಳಿಯುವ ಎತ್ತರ ಒಂದೇ, ಇಬ್ಬರ ಮೇಲೂ ಎಳೆಯುವ ಗುರುತ್ವವೂ ಒಂದೇ. ಮೆಟ್ಟಿಲಿಳಿದವನು ಕೆಳಗೆ ಬಂದು ಸೋಡಾ ಕುಡಿಯುತ್ತಾನೆ, ಧುಮುಕಿದವನ ಕಥೆ ಬೇರೆ. ವ್ಯತ್ಯಾಸವೆಲ್ಲ ಇರುವುದು ಎಷ್ಟು ಎಂಬುದರಲ್ಲಿ ಅಲ್ಲ, ಎಷ್ಟು ಹೊತ್ತಿನಲ್ಲಿ ಎಂಬುದರಲ್ಲಿ. ಮಾದಕ ದ್ರವ್ಯಗಳ ವಿಷಯವೂ ಬಹುಮಟ್ಟಿಗೆ ಹೀಗೆಯೇ.

ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳಲ್ಲಿ ಕೋಕಾ ಎಂಬ ಗಿಡ ಬೆಳೆಯುತ್ತದೆ. ಅಲ್ಲಿಯ ಜನರು ಸಾವಿರಾರು ವರ್ಷಗಳಿಂದ ಅದರ ಎಲೆಯನ್ನು ದವಡೆಯಲ್ಲಿಟ್ಟು ಅಗಿಯುತ್ತ ಬಂದಿದ್ದಾರೆ. ಸ್ಪೇನ್ ದೇಶದವರು ಪೊಟೊಸಿ ಎಂಬಲ್ಲಿ, ಸಮುದ್ರಮಟ್ಟದಿಂದ 4000 ಮೀಟರಿಗೂ ಎತ್ತರದಲ್ಲಿ, ಬೆಳ್ಳಿಯ ಗಣಿಗಳನ್ನು ತೋಡಿಸಿದಾಗ ಗಣಿಯಾಳುಗಳು ಹಸಿವನ್ನೂ ಆಯಾಸವನ್ನೂ ಮರೆತದ್ದು ಈ ಎಲೆಯಿಂದ. ದಣಿದ ಮೈಗೆ ಅಮಲು ಬೇಕಾಗುವುದು, ಆ ಅಮಲಿನಿಂದ ಧಣಿಗೆ ಲಾಭವಾಗುವುದು, ಇವು ಗಣಿಯಿರುವ ಜಿಲ್ಲೆಯವರಾದ ನಮಗೆ ತಿಳಿಯದ ಸಂಗತಿಗಳಲ್ಲ. ಒಣಗಿದ ಎಲೆಯಲ್ಲಿ ಕೊಕೇನಿನ ಅಂಶ ನೂರಕ್ಕೆ ಅರ್ಧದಿಂದ ಒಂದು ಭಾಗ ಮಾತ್ರ. ಲೆಕ್ಕ ಹಾಕಿ ನೋಡಿ: ಒಂದು ಗ್ರಾಮಿನ ಹತ್ತನೆಯ ಒಂದು ಪಾಲು ಕೊಕೇನ್ ಬೇಕಾದರೆ ಹತ್ತರಿಂದ ಇಪ್ಪತ್ತು ಗ್ರಾಂ ಎಲೆಯನ್ನು ಅಗಿಯಬೇಕು, ಅಗಿದದ್ದು ಬಾಯಿಯ ಒಳಚರ್ಮದ ಮೂಲಕ ಇನಿಸಿನಿಸಾಗಿ ರಕ್ತಕ್ಕೆ ಇಳಿಯಬೇಕು. ದವಡೆ ನೋಯುತ್ತದೆ, ಹೊತ್ತು ಕಳೆಯುತ್ತದೆ. ಪ್ರಕೃತಿ ಎಲೆಯಲ್ಲಿ ಅಮಲನ್ನು ಇಟ್ಟಿತು, ಜೊತೆಗೆ ಅದಕ್ಕೊಂದು ತಡೆಯನ್ನೂ ಇಟ್ಟಿತು.

ಇಲ್ಲಿ ಒಂದು ಸ್ವಾರಸ್ಯದ ಮಾತುಂಟು. ಆಂಡೀಸಿನವರು ಬರಿಯ ಎಲೆಯನ್ನು ಅಗಿಯುವುದಿಲ್ಲ. ಸುಟ್ಟ ಚಿಪ್ಪಿನ ಸುಣ್ಣವನ್ನೋ ಗಿಡದ ಬೂದಿಯನ್ನೋ ಸೇರಿಸುತ್ತಾರೆ. ನಮ್ಮ ಅಜ್ಜಿಯರ ಎಲೆಸಂಚಿಯಲ್ಲಿಯೂ ಸುಣ್ಣದ ಡಬ್ಬಿ ಇರುತ್ತದೆ. ಹೊಲದ ಬದುವಿನಲ್ಲಿ ಕುಳಿತ ರೈತನೂ ಹೊಗೆಸೊಪ್ಪಿಗೆ ಸುಣ್ಣ ಹಚ್ಚಿ ಅಂಗೈಯಲ್ಲಿ ತಿಕ್ಕುತ್ತಾನೆ. ಸಾಗರಗಳಾಚೆ ಇರುವ, ಒಬ್ಬರನ್ನೊಬ್ಬರು ಕಾಣದ ಜನರು ಒಂದೇ ಯುಕ್ತಿಯನ್ನು ಕಂಡುಹಿಡಿದದ್ದು ಹೇಗೆ? ಕೊಕೇನ್ ಮತ್ತು ನಿಕೋಟಿನ್ ಎರಡೂ ರಸಾಯನಶಾಸ್ತ್ರಜ್ಞರು ಪ್ರತ್ಯಾಮ್ಲಗಳೆನ್ನುವ ವರ್ಗಕ್ಕೆ ಸೇರಿದವು. ಆಮ್ಲದೊಡನೆ ಕೂಡಿ ಲವಣವಾಗಿರುವಾಗ ಅವು ನೀರಿನಲ್ಲಿ ಸುಲಭವಾಗಿ ಕರಗುತ್ತವೆ, ಆದರೆ ಜೀವಕೋಶದ ಕೊಬ್ಬಿನ ಪೊರೆಯನ್ನು ದಾಟಲಾರವು. ಸುಣ್ಣದಂಥ ಕ್ಷಾರ ಬಂದು ಆಮ್ಲವನ್ನು ಕಿತ್ತುಕೊಂಡರೆ ಪ್ರತ್ಯಾಮ್ಲ ಬಿಡುಗಡೆಯಾಗುತ್ತದೆ. ಬಿಡುಗಡೆಯಾದ ಅಣು ಪೊರೆಯನ್ನು ನಿರಾತಂಕವಾಗಿ ದಾಟುತ್ತದೆ. ಅರಿಸಿನದ ನೀರಿಗೆ ಸುಣ್ಣ ಸೇರಿಸಿ ಆರತಿಯ ಕೆಂಪುನೀರು ಮಾಡುವಾಗ ನಾವು ಕಾಣುವುದೂ ಕ್ಷಾರದ ಕೆಲಸವನ್ನೇ. ಕ್ರ್ಯಾಕಿನ ರಸಾಯನವೆಲ್ಲ ಅಜ್ಜಿಯ ಸಂಚಿಯಲ್ಲಿ ಅಡಗಿದೆ ಎಂದರೆ ಅತಿಶಯೋಕ್ತಿಯಾಗದು. ವ್ಯತ್ಯಾಸವಿಷ್ಟೆ: ಅಜ್ಜಿ ಬೆಂಕಿಯನ್ನು ಸೇರಿಸಲಿಲ್ಲ.

1860ರ ಸುಮಾರಿಗೆ ಜರ್ಮನಿಯ ಗಾಟಿಂಗೆನ್ನಿನಲ್ಲಿ ಆಲ್ಬರ್ಟ್ ನೀಮನ್ ಎಂಬ ತರುಣನು ಎಲೆಯಿಂದ ಕೊಕೇನನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದನು. 1884ರಲ್ಲಿ ವಿಯೆನ್ನಾದ ಕಾರ್ಲ್ ಕೋಲರ್ ಅದನ್ನು ಕಣ್ಣಿಗೆ ಹಾಕಿ ನೋವಿಲ್ಲದೆ ಶಸ್ತ್ರಚಿಕಿತ್ಸೆ ಮಾಡಬಹುದೆಂದು ತೋರಿಸಿದನು. ಇದು ಮಾನವಕುಲಕ್ಕಾದ ಮಹೋಪಕಾರವೆಂಬುದನ್ನು ಮರೆಯಬಾರದು. ಆದರೆ ಎಲೆಯಿಂದ ಬೇರೆಯಾದ ದಿನವೇ ಆ ಪದಾರ್ಥ ತನ್ನ ಮೊದಲ ತಡೆಯನ್ನು ಕಳೆದುಕೊಂಡಿತು. ಮೂಗಿನಲ್ಲಿ ಸೇದುವ ಬಿಳಿಯ ಪುಡಿ ಕೊಕೇನಿನ ಹೈಡ್ರೋಕ್ಲೋರೈಡ್ ಲವಣ. ಅದು ಮೂಗಿನ ಒಳಚರ್ಮವನ್ನು ತಲುಪಿದೊಡನೆ ಅಲ್ಲಿಯ ರಕ್ತನಾಳಗಳನ್ನು ಸಂಕುಚಿತಗೊಳಿಸುವುದರಿಂದ ತನ್ನ ದಾರಿಯನ್ನು ತಾನೇ ಸ್ವಲ್ಪ ಮುಚ್ಚಿಕೊಳ್ಳುತ್ತದೆ. ಅಮಲು ಏರಲು ಕೆಲವು ನಿಮಿಷಗಳು ಹಿಡಿಯುತ್ತವೆ. ಎರಡನೆಯ ತಡೆ ಇದು.

ಈ ಲವಣವನ್ನು ಕಾಯಿಸಿದರೆ ಸುಮಾರು 195 ಡಿಗ್ರಿ ಸೆಲ್ಸಿಯಸ್ಸಿನವರೆಗೆ ಅದು ಕರಗುವುದಿಲ್ಲ, ಕರಗುವಷ್ಟರಲ್ಲಿ ಒಡೆದು ಹಾಳಾಗತೊಡಗುತ್ತದೆ. ಬಿಡುಗಡೆಗೊಂಡ ಪ್ರತ್ಯಾಮ್ಲವಾದರೋ 98 ಡಿಗ್ರಿಯಲ್ಲಿಯೇ, ನೀರು ಕುದಿಯುವ ಮುನ್ನವೇ, ಕರಗಿ ಹಾಳಾಗದೆ ಬಾಷ್ಪವಾಗುತ್ತದೆ. ಕ್ರ್ಯಾಕ್ ಎಂದರೆ ಈ ಪ್ರತ್ಯಾಮ್ಲದ ಹರಳು. ಕಾಯಿಸುವಾಗ ಚಟಚಟನೆ ಸಿಡಿಯುವುದರಿಂದ ಆ ಹೆಸರು. ಬಾಷ್ಪವನ್ನು ಉಸಿರಿನೊಡನೆ ಎಳೆದುಕೊಂಡಾಗ ಅದು ಹೋಗಿ ತಾಕುವುದು ಶ್ವಾಸಕೋಶಗಳ ಸುಮಾರು 70 ಚದರ ಮೀಟರ್ ವಿಸ್ತಾರದ ತೆಳುಪೊರೆಗೆ. ನಮ್ಮ ತರಗತಿಯ ಕೊಠಡಿಯ ನೆಲ ಅಷ್ಟಿಲ್ಲ. ಅಲ್ಲಿಂದ ರಕ್ತ ನೇರವಾಗಿ ಹೃದಯದ ಎಡಭಾಗಕ್ಕೆ, ಹೃದಯದಿಂದ ಮಿದುಳಿಗೆ. ಜಠರವಿಲ್ಲ, ಯಕೃತ್ತಿಲ್ಲ, ನಡುವೆ ಎಲ್ಲಿಯೂ ಸುಂಕದಕಟ್ಟೆಯಿಲ್ಲ. ಹತ್ತು ಸೆಕೆಂಡುಗಳೊಳಗೆ ಕೆಲಸ ಮುಗಿಯುತ್ತದೆ. ಗಂಟೆಗಟ್ಟಲೆ ಅಗಿಯಬೇಕಾಗಿದ್ದ ಎಲೆ ಹತ್ತು ಸೆಕೆಂಡಿನ ಹೊಗೆಯಾಯಿತು. ಓರೆಯಾಗಿದ್ದ ರೇಖೆ ಗೋಡೆಯಾಯಿತು.

ಗೋಡೆಯಾದರೆ ಮಿದುಳಿಗೇನು? ನಮ್ಮ ಮಿದುಳಿನಲ್ಲಿ ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಕಳಿಸುವಾಗ ಡೋಪಮೀನ್ ಎಂಬ ದ್ರವ್ಯವನ್ನು ಸ್ರವಿಸುತ್ತದೆ. ಸುದ್ದಿ ಮುಟ್ಟಿದಮೇಲೆ ಒಂದು ವಾಹಕ ಅಣು ಅದನ್ನು ಹಿಂದಕ್ಕೆ ಸೆಳೆದುಕೊಳ್ಳುತ್ತದೆ. ಹಸಿದವನಿಗೆ ಅನ್ನ ಸಿಕ್ಕಾಗ, ಪರೀಕ್ಷೆಯ ಫಲಿತಾಂಶದಲ್ಲಿ ತನ್ನ ಸಂಖ್ಯೆ ಕಂಡಾಗ ಆಗುವ ಉಲ್ಲಾಸದಲ್ಲಿ ಈ ದ್ರವ್ಯದ ಪಾತ್ರವಿದೆ. ಕೊಕೇನ್ ಆ ವಾಹಕದ ಬಾಯಿಯನ್ನು ಮುಚ್ಚುತ್ತದೆ. ಡೋಪಮೀನ್ ಹಿಂದಿರುಗಲಾರದೆ ಕಾಲುವೆಯ ತೂಬು ಮುಚ್ಚಿದ ನೀರಿನಂತೆ ನಿಂತುಬಿಡುತ್ತದೆ. ಇದನ್ನು ಜೀವಂತ ಮನುಷ್ಯರ ಮಿದುಳಿನಲ್ಲಿಯೇ ಕಂಡುಹಿಡಿದದ್ದು ಭೌತಶಾಸ್ತ್ರದ ಉಪಕರಣವೊಂದರಿಂದ ಎಂಬುದು ನಮಗೆ ಹೆಮ್ಮೆಯ ವಿಷಯ. ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಜೊವಾನಾ ಫೌಲರ್, ನೋರಾ ವೋಲ್ಕೊವ್ ಮೊದಲಾದವರು ಕೊಕೇನಿನ ಅಣುವಿನಲ್ಲಿ ಕಾರ್ಬನ್-11 ಎಂಬ ವಿಕಿರಣಶೀಲ ಪರಮಾಣುವನ್ನು ಸೇರಿಸಿದರು. ಇದರ ಅರ್ಧಾಯು ಸುಮಾರು 20 ನಿಮಿಷ. ಅದು ಸೂಸುವ ಪಾಸಿಟ್ರಾನ್ ಹತ್ತಿರದ ಎಲೆಕ್ಟ್ರಾನಿನೊಡನೆ ಕೂಡಿ ಇಲ್ಲವಾದಾಗ ಎರಡು ಗಾಮಾ ಕಿರಣಗಳು ವಿರುದ್ಧ ದಿಕ್ಕುಗಳಿಗೆ ಹೊರಡುತ್ತವೆ. ಅವುಗಳ ಜಾಡು ಹಿಡಿದು ಅಣು ಮಿದುಳಿನಲ್ಲಿ ಎಲ್ಲಿದೆ, ಎಷ್ಟಿದೆ, ಯಾವಾಗ ಬಂತು ಎಂದು ನಕ್ಷೆ ಬರೆಯಬಹುದು.

ಆ ನಕ್ಷೆಗಳಿಂದ ಎರಡು ಸಂಗತಿಗಳು ತಿಳಿದುಬಂದವು. ವಾಹಕಗಳಲ್ಲಿ ಕಡಮೆಯೆಂದರೆ ನೂರಕ್ಕೆ 47ರಷ್ಟು ಮುಚ್ಚಿಹೋಗದೆ ಸೇವಿಸಿದವನಿಗೆ ಅಮಲಿನ ಅನುಭವವಾಗುವುದಿಲ್ಲ ಎಂದು 1997ರಲ್ಲಿ ಅವರು ಪ್ರಕಟಿಸಿದರು. ಎರಡನೆಯದು ಇನ್ನೂ ಸೋಜಿಗದ್ದು. ಚಂಚಲ ಸ್ವಭಾವದ ಮಕ್ಕಳಿಗೆ ವೈದ್ಯರು ಗುಳಿಗೆಯಾಗಿ ಕೊಡುವ ಮೀಥೈಲ್‌ಫೆನಿಡೇಟ್ ಎಂಬ ಔಷಧವೂ ಇದೇ ವಾಹಕವನ್ನು ಇದೇ ಪ್ರಮಾಣದಲ್ಲಿ ಮುಚ್ಚಬಲ್ಲುದು. ಆದರೆ ನುಂಗಿದ ಗುಳಿಗೆ ಮಿದುಳಿನಲ್ಲಿ ತುಂಬಿಕೊಳ್ಳಲು ಒಂದು ಗಂಟೆಗೂ ಮಿಕ್ಕಿ ಕಾಲ ಬೇಕಾಗುವುದರಿಂದ ಅಮಲು ಏರುವುದಿಲ್ಲ. ಅದೇ ಔಷಧವನ್ನು ರಕ್ತನಾಳಕ್ಕೆ ಚುಚ್ಚಿದರೆ ಏರುತ್ತದೆ. ಎಂದಮೇಲೆ ಅಮಲಿಗೆ ಕಾರಣವಾದದ್ದು ಎತ್ತರ ಮಾತ್ರವಲ್ಲ, ರೇಖೆಯ ಏರುವಿಕೆ. ಕುರುಗೋಡಿನ ಹುಡುಗನ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನಮಗೆ ಗೊತ್ತಿಲ್ಲ.

ಏರಿದ್ದು ಇಳಿಯಲೇಬೇಕಷ್ಟೆ. ಕ್ರ್ಯಾಕಿನ ಉನ್ಮಾದ ಐದರಿಂದ ಹತ್ತು ನಿಮಿಷ. ಅನಂತರ ಬರುವ ಕುಗ್ಗು, ಸಿಡಿಮಿಡಿ, ಶೂನ್ಯಭಾವ ಇವುಗಳಿಂದ ತಪ್ಪಿಸಿಕೊಳ್ಳಲು ಮತ್ತೆ ಸೇದಬೇಕು. ಹೀಗೆ ರಾತ್ರಿಯಿಡೀ, ಕೈಯಲ್ಲಿನ ಹಣ ತೀರುವತನಕ. ಮಿದುಳು ಈ ಪ್ರವಾಹಕ್ಕೆ ಒಗ್ಗಿಕೊಳ್ಳುವ ಸಲುವಾಗಿ ಡೋಪಮೀನನ್ನು ಗ್ರಹಿಸುವ ತನ್ನ ದ್ವಾರಗಳನ್ನು ಕಡಮೆ ಮಾಡಿಕೊಳ್ಳುತ್ತದೆ. ಆಮೇಲೆ ಅನ್ನವಾಗಲಿ, ಸಂಗೀತವಾಗಲಿ, ಸ್ವಂತ ಮಗುವಿನ ಮುಖವಾಗಲಿ ಹಿಂದಿನಷ್ಟು ಸುಖ ಕೊಡುವುದಿಲ್ಲ. ಹೃದಯವನ್ನು ಪೋಷಿಸುವ ರಕ್ತನಾಳಗಳು ಸಂಕುಚಿತವಾಗುತ್ತವೆ, ಅದೇ ಗಳಿಗೆಯಲ್ಲಿ ಹೃದಯದ ಬಡಿತವೂ ರಕ್ತದೊತ್ತಡವೂ ಏರುತ್ತವೆ: ಹೆಚ್ಚು ದುಡಿಮೆ, ಕಡಮೆ ಆಹಾರ. ಗಟ್ಟಿಮುಟ್ಟಾದ ತರುಣರೂ ಹೃದಯಾಘಾತದಿಂದ ಸಾಯುವುದು ಹೀಗೆ. ಬಿಸಿಹೊಗೆಯಿಂದ ಶ್ವಾಸಕೋಶಗಳು ಘಾಸಿಗೊಳ್ಳುತ್ತವೆ, ಕೆಮ್ಮಿನಲ್ಲಿ ರಕ್ತ ಬರುತ್ತದೆ. ಸೇವನೆ ಬೆಳೆದಂತೆ ಯಾರೋ ಬೆನ್ನಟ್ಟಿದ್ದಾರೆಂಬ ಸಂಶಯ ಮನಸ್ಸನ್ನು ಹಿಡಿಯುತ್ತದೆ. ಚರ್ಮದ ರಕ್ತನಾಳಗಳು ಮುಚ್ಚಿಕೊಳ್ಳುವುದರಿಂದ ದೇಹ ತನ್ನ ಉಷ್ಣವನ್ನು ಹೊರಹಾಕಲಾರದೆ ಕಾಯುತ್ತದೆ. ನ್ಯೂಯಾರ್ಕ್ ನಗರದಲ್ಲಿ ಹಗಲಿನ ಗರಿಷ್ಠ ಉಷ್ಣತೆ 31.1 ಡಿಗ್ರಿಯನ್ನು ಮುಟ್ಟಿದ ಅಥವಾ ಮೀರಿದ ದಿನಗಳಲ್ಲಿ ಕೊಕೇನ್ ಮಿತಿಮೀರಿ ಸಾಯುವವರ ಸಂಖ್ಯೆ ಇತರ ದಿನಗಳಿಗಿಂತ ನೂರಕ್ಕೆ 33ರಷ್ಟು ಹೆಚ್ಚೆಂದು 1998ರಲ್ಲಿ ಪ್ರಕಟವಾಯಿತು. ಬಳ್ಳಾರಿಯವರು 31 ಡಿಗ್ರಿಯ ದಿನವನ್ನು ತಂಪಾದ ದಿನವೆನ್ನುತ್ತಾರೆ!

ಕ್ರ್ಯಾಕಿನ ಇನ್ನೊಂದು ಗುಣ ಅಗ್ಗವಾಗಿರುವುದು. 1980ರ ದಶಕದ ನಡುವೆ ಅಮೆರಿಕದ ದೊಡ್ಡ ನಗರಗಳಲ್ಲಿ ಅದು ಹಬ್ಬಿದಾಗ ಸಿರಿವಂತರ ಪುಡಿ ಚಿಕ್ಕಚಿಕ್ಕ ಹರಳುಗಳಾಗಿ ಒಡೆದು ಕೆಲವೇ ಡಾಲರುಗಳಿಗೆ ಬಡವರ ಕೇರಿಯ ಮೂಲೆಗಳಲ್ಲಿ ದೊರೆಯತೊಡಗಿತು. ಸರಕಾರ ಏನು ಮಾಡಿತು? 1986ರಲ್ಲಿ ಒಂದು ಕಾನೂನು ತಂದಿತು: 500 ಗ್ರಾಂ ಪುಡಿಗೆ ಸಲ್ಲುವ ಐದು ವರ್ಷಗಳ ಕನಿಷ್ಠ ಸೆರೆವಾಸ 5 ಗ್ರಾಂ ಕ್ರ್ಯಾಕಿಗೂ ಸಲ್ಲುವುದು. ಒಂದೇ ಅಣು, ನೂರುಪಟ್ಟು ದಂಡನೆ! ಸೆರೆಮನೆಗಳು ಬಡ ಕರಿಯ ಜನರಿಂದ ತುಂಬಿದವು. 2010ರಲ್ಲಿ ಆ ಪ್ರಮಾಣವನ್ನು ಹದಿನೆಂಟಕ್ಕೆ ಇಳಿಸಿದರು, ಅಳಿಸಲಿಲ್ಲ. ಕ್ರ್ಯಾಕಿನ ರೇಖೆ ಕಡಿದಾದದ್ದು ನಿಜ, ಅದನ್ನು ಮೇಲೆ ನಾವೇ ವಾದಿಸಿದ್ದೇವೆ. ಆದರೆ ಪದಾರ್ಥದ ಉಗ್ರತೆಗೆ ಪರಿಹಾರವನ್ನು ಸೇವಿಸಿದವನ ಸೆರೆವಾಸದಲ್ಲಿ ಹುಡುಕಿದ್ದು ನಮ್ಮ ಅಭಿಪ್ರಾಯದಲ್ಲಿ ತಪ್ಪು.

ಅದೇ ಕಾಲದಲ್ಲಿ, ಕ್ರ್ಯಾಕ್ ಸೇದಿದ ತಾಯಂದಿರ ಶಿಶುಗಳು ಬುದ್ಧಿಮಾಂದ್ಯರಾಗಿ ಒಂದು ಪೀಳಿಗೆಯೇ ಹಾಳಾಗುವುದೆಂದು ಪತ್ರಿಕೆಗಳು ಸಾರಿದವು. ಫಿಲಡೆಲ್ಫಿಯಾದ ವೈದ್ಯೆ ಹ್ಯಾಲಂ ಹರ್ಟ್ 1989ರಲ್ಲಿ ಆರಂಭಿಸಿದ ಅಧ್ಯಯನವೊಂದರಲ್ಲಿ 224 ಶಿಶುಗಳನ್ನು ಆಯ್ದುಕೊಂಡು, ಅವರು ಬೆಳೆದು ಪ್ರಾಯಕ್ಕೆ ಬರುವವರೆಗೂ ಹಿಂಬಾಲಿಸಿ ನೋಡಿದರು. ಕೊಕೇನ್ ತಾಕಿದ ಮಕ್ಕಳಿಗೂ ಅದೇ ಕೇರಿಯ ಇತರ ಮಕ್ಕಳಿಗೂ ಬುದ್ಧಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇಬ್ಬರನ್ನೂ ಹಿಂದಕ್ಕೆಳೆದದ್ದು ಬಡತನ. ಬಸುರಿಯಲ್ಲಿ ಕೊಕೇನ್ ನಿರಪಾಯವೆಂದು ಇದರ ಅರ್ಥವಲ್ಲ, ಅವಧಿಗೆ ಮುನ್ನ ಹೆರಿಗೆಯಾಗುವ ಭಯ ಇದ್ದೇ ಇದೆ. ಹೆದರಿಸುವುದಕ್ಕಾಗಿ ಹೇಳಿದ ಸುಳ್ಳು ಬಯಲಾದರೆ ಕೇಳಿದ ತರುಣರು ನಿಜವನ್ನೂ ನಂಬುವುದಿಲ್ಲ ಎಂಬುದಷ್ಟೇ ನಮ್ಮ ಕಳವಳ.

ಇನ್ನು ನಮ್ಮ ಜಿಲ್ಲೆಗೆ ಬರೋಣ. ಕೊಕೇನ್ ಭಾರತಕ್ಕೆ ಹೊಸದೇನಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಲ್ಕತ್ತ, ಮುಂಬಯಿ, ದೆಹಲಿಗಳಲ್ಲಿ ಅದನ್ನು ವೀಳ್ಯದೆಲೆಯಲ್ಲಿ, ಸುಣ್ಣದೊಡನೆಯೇ, ಮಡಿಸಿ ತಿನ್ನುವ ಚಟ ಹರಡಿತ್ತು. ಈಗ ಬೆಂಗಳೂರಿನಲ್ಲಿ ಕೊಕೇನ್ ಹಿಡಿದ ಸುದ್ದಿ ಆಗಾಗ ಬರುತ್ತದೆ. ಆದರೆ ಬಳ್ಳಾರಿ, ರಾಯಚೂರು ಜಿಲ್ಲೆಗಳ ಬಡವನ ಅಮಲು ಸೇಂದಿ. ಹಳ್ಳದ ದಂಡೆಯ ಈಚಲಮರದಿಂದ ಇಳಿಸಿದ ರಸ ಮುಂಜಾನೆ ಸಿಹಿ, ಬಿಸಿಲೇರಿದಂತೆ ಹುಳಿ, ಸಂಜೆಗೆ ಹೆಂಡ. ಅದರಲ್ಲಿ ಮದ್ಯಸಾರ ನೂರಕ್ಕೆ ನಾಲ್ಕೈದು ಭಾಗ. ನಾವೇನು ಅದನ್ನು ಹೊಗಳಲು ಹೊರಟಿಲ್ಲ. ಅದರಿಂದ ಕೆಟ್ಟ ಮನೆಗಳನ್ನು ಕಂಡಿದ್ದೇವೆ. ಆದರೂ ಅದಕ್ಕೊಂದು ತಡೆಯಿತ್ತು. ಮೈಮರೆಯಬೇಕಾದರೆ ಮಗೆಗಟ್ಟಲೆ ಕುಡಿಯಬೇಕು, ಹೊಟ್ಟೆ ಹಿಡಿಯುವುದು ಇಷ್ಟೇ. ಒಂದು ರಾತ್ರಿ ಕಳೆದರೆ ರಸ ಕೆಟ್ಟುಹೋಗುತ್ತದೆ.

ಮರಗಳು ಕಡಮೆಯಾದವು, ಕುಡಿಯುವವರು ಕಡಮೆಯಾಗಲಿಲ್ಲ. ಸೇಂದಿಯ ಮಾರಾಟ ಇಲ್ಲಿ ನಿಷಿದ್ಧವಾಯಿತು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿಯೂ ನಿಂತಿತು. ಕದ್ದು ಮಾರುವವನಿಗೆ ಮಡಕೆ ಹೊರೆ, ಪುಡಿ ಹಗುರ. ಆದುದರಿಂದ ಈಚಲ ರಸದ ಒಂದು ಹನಿಯೂ ಇಲ್ಲದ ಸೇಂದಿ ಹುಟ್ಟಿತು. ಸಿ.ಎಚ್. ಪೌಡರ್ ಎಂದು ಜನ ಕರೆಯುವ ಕ್ಲೋರಲ್ ಹೈಡ್ರೇಟನ್ನು ನೀರಿನಲ್ಲಿ ಕದಡಿ, ಸಿಹಿಗೆ ಸ್ಯಾಕರಿನ್ ಹಾಕಿ, ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ ಮಾರುವುದು. ಎಲೆಯನ್ನು ಬಿಟ್ಟು ಅದರ ಸತ್ವವನ್ನೇ ಹರಳು ಮಾಡಿದಂತೆ, ಇಲ್ಲಿ ಮರವನ್ನೇ ಬಿಟ್ಟು ಅಮಲನ್ನು ಪುಡಿ ಮಾಡಿದರು. ತಡೆಯನ್ನು ತೆಗೆಯುವುದು, ಅಗ್ಗವಾಗಿ ಹಂಚುವುದು: ನಾವು ಆರಂಭದಲ್ಲಿ ಹೇಳಿದ ಉಪಾಯ ಇದೇ.

ಕ್ಲೋರಲ್ ಹೈಡ್ರೇಟ್ ಮೂಲತಃ ಗೌರವಸ್ಥ ಔಷಧ. ಜರ್ಮನಿಯ ಲೀಬಿಗ್ 1832ರಲ್ಲಿ ಅದನ್ನು ತಯಾರಿಸಿದನು. ಬರ್ಲಿನ್ನಿನ ಲೀಬ್ರೈಕ್ 1869ರಲ್ಲಿ ಅದು ನಿದ್ರೆ ತರಿಸುವುದೆಂದು ತೋರಿಸಿದನು. ದೇಹದಲ್ಲಿ ಅದು ಟ್ರೈಕ್ಲೋರೋಎಥನಾಲ್ ಆಗಿ ಮಾರ್ಪಟ್ಟು ಮಿದುಳಿನ ಚಟುವಟಿಕೆಯನ್ನು ಅದುಮುತ್ತದೆ. ಕೊಕೇನಿನದು ಕೆರಳಿಸುವ ಕೆಲಸ, ಇದರದು ಅದುಮುವ ಕೆಲಸ. ಎರಡನ್ನೂ ಒಂದೇ ಜಾತಿಯೆಂದು ವಾಚಕರು ತಿಳಿಯಬಾರದು. ನಿದ್ರೆಗಾಗಿ ವೈದ್ಯರು ಕೊಡುತ್ತಿದ್ದ ಪ್ರಮಾಣ ಅರ್ಧದಿಂದ ಒಂದು ಗ್ರಾಂ. ಹತ್ತು ಗ್ರಾಂ ಸಾಮಾನ್ಯವಾಗಿ ಮಾರಕ, ಅದಕ್ಕಿಂತ ಕಡಮೆಯಲ್ಲಿ ಸತ್ತವರೂ ಉಂಟು. ಮದ್ಯದೊಡನೆ ಸೇರಿದರೆ ಒಂದರ ಬಲವನ್ನು ಇನ್ನೊಂದು ಹೆಚ್ಚಿಸುತ್ತದೆ. ಡ್ರಮ್ಮಿನಲ್ಲಿ ಕೋಲಿನಿಂದ ಕದಡುವವನ ಬಳಿ ತಕ್ಕಡಿಯಿರುವುದಿಲ್ಲ. ಮೇಲಿನ ಚೀಲಕ್ಕೆ ಬಿದ್ದಷ್ಟೇ ತಳದ ಚೀಲಕ್ಕೂ ಬಿದ್ದಿತೆಂದು ಯಾರು ಹೇಳಬೇಕು? ಇಂದಿನ ಚೀಲ ನಿದ್ರೆ ತಂದರೆ ನಾಳಿನದು ಉಸಿರನ್ನೇ ನಿಲ್ಲಿಸೀತು.

ಎರಡು ವರ್ಷಗಳ ಹಿಂದೆ ವಿದ್ಯಾರ್ಥಿಗಳ ಸೇವಾಶಿಬಿರದ ನಿಮಿತ್ತ ಸಿರುಗುಪ್ಪ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ವಾರವಿದ್ದೆವು. ಸುತ್ತ ಭತ್ತದ ಗದ್ದೆ, ದೂರದಲ್ಲಿ ತುಂಗಭದ್ರೆ. ಅಕ್ಕಿ ಗಿರಣಿಗಳಲ್ಲಿ ಹಗಲೆಲ್ಲ ಚೀಲ ಹೊತ್ತು, ಸಂಜೆ ಬೆನ್ನು ನೆಟ್ಟಗೆ ಮಾಡಲಾರದ ಹಮಾಲರಲ್ಲಿ ಕೆಲವರು ಈ ಪ್ಯಾಕೆಟ್ಟಿನಿಂದಲೇ ನಿದ್ದೆ ಹೋಗುವವರು. ನಾವು ಹೋಗುವ ಕೆಲವೇ ದಿನಗಳ ಹಿಂದೆ ದಾಳಿಯಾಗಿ ಮಾರುವವರು ಓಡಿಹೋಗಿದ್ದರು. ನಮ್ಮ ಹುಡುಗರು ವ್ಯಸನಮುಕ್ತಿಯ ಫಲಕಗಳನ್ನು ಹಿಡಿದು ಘೋಷಣೆ ಕೂಗುತ್ತ ಓಣಿಯಲ್ಲಿ ಹೊರಟಾಗ ಹೆಂಗಸೊಬ್ಬಳು ಬಾಗಿಲಲ್ಲಿ ತಡೆದು ನಿಲ್ಲಿಸಿದಳು. "ಮೂರು ದಿನ ಆತು ಸರ್, ನಮ್ಮ ಮನೆಯವ್ರು ಕಣ್ಣು ಮುಚ್ಚಿಲ್ಲ. ಕೈಕಾಲು ನಡಗ್ತಾವ. ಗ್ವಾಡಿ ಮ್ಯಾಲ ಇರುವಿ ಹರಿದಾಡ್ತಾವ ಅಂತ ಕೈಲೆ ಉಜ್ತಾರ. ಇಲ್ಲಿ ಒಂದೂ ಇರುವಿ ಇಲ್ರಿ. ಅದನ್ನ ಬಂದ್ ಮಾಡ್ಸಿದ್ದು ಛಲೋ ಆತೋ ಕೆಟ್ಟದಾತೋ, ನೀವಾ ಹೇಳ್ರಿ."

ಘೋಷಣೆ ನಿಂತಿತು. ನಮಗೆ ತತ್‌ಕ್ಷಣ ಉತ್ತರ ಹೊಳೆಯಲಿಲ್ಲವೆಂದು ಒಪ್ಪಿಕೊಳ್ಳಬೇಕು. ಒಳಗೆ ಹೋಗಿ ನೋಡಿದರೆ ಆತನು ಬೆವರಿನಲ್ಲಿ ತೊಯ್ದು ಗೋಡೆಯನ್ನು ಒರೆಸುತ್ತಿದ್ದನು. ಇದ್ದ ಒಂದು ಜೀಪಿನಲ್ಲಿ ಆತನನ್ನು ಬಳ್ಳಾರಿಗೆ ಕರೆತಂದೆವು. ದಾರಿಯಲ್ಲಿಯೇ ಒಮ್ಮೆ ಮೂರ್ಛೆ ಬಂದು ಮೈ ಸೆಟೆಯಿತು. ಒಂದು ದಿನ ತಡವಾಗಿದ್ದರೆ ಉಳಿಯುತ್ತಿರಲಿಲ್ಲವೆಂದು ವೈದ್ಯರೆಂದರು.

ಇದಕ್ಕೆ ಕಾರಣ ಹೀಗಿದೆ. ದಿನವೂ ಅದುಮುವ ಶಕ್ತಿಯೊಂದಿದ್ದಾಗ ಮಿದುಳು ಅದಕ್ಕೆದುರಾಗಿ ಒತ್ತುವುದನ್ನು ಕಲಿಯುತ್ತದೆ. ಅದುಮುವ ಕೈಯನ್ನು ಥಟ್ಟನೆ ತೆಗೆದರೆ ಅದುಮಿಟ್ಟ ಸ್ಪ್ರಿಂಗು ಚಿಮ್ಮುವಂತೆ ಅದು ಚಿಮ್ಮುತ್ತದೆ: ನಡುಕ, ನಿದ್ರಾನಾಶ, ಭ್ರಮೆ, ಸೆಳವು, ಕೆಲವೊಮ್ಮೆ ಸಾವು. ಕ್ರ್ಯಾಕ್ ಬಿಟ್ಟವನು ಕುಗ್ಗುತ್ತಾನೆ, ನಿದ್ದೆಹೋಗುತ್ತಾನೆ, ಮತ್ತೆ ಬೇಕೆಂದು ಹಪಹಪಿಸುತ್ತಾನೆ. ಬಿಟ್ಟದ್ದರಿಂದಲೇ ಸಾಯುವುದು ಅಪರೂಪ. ಕ್ಲೋರಲ್ಲಿನ ಸೇಂದಿ ಹಾಗಲ್ಲ. ಕುಡಿದರೂ ಕೊಂದೀತು, ಏಕಾಏಕಿ ಬಿಟ್ಟರೂ ಕೊಂದೀತು. ನೆರೆಯ ತೆಲಂಗಾಣದಲ್ಲಿ ಡಯಾಜೆಪಾಮ್, ಆಲ್‌ಪ್ರಜೊಲಾಮ್ ಎಂಬ ನಿದ್ರಾಗುಳಿಗೆಗಳ ಪುಡಿಯನ್ನೂ ಹೆಂಡಕ್ಕೆ ಬೆರೆಸುತ್ತಾರೆ. 2015ರಲ್ಲಿ ಅಲ್ಲಿ ಬಿಗಿ ಕ್ರಮ ಕೈಗೊಂಡು ಕಲಬೆರಕೆ ನಿಂತೊಡನೆ ನಿಜಾಮಾಬಾದ್, ಮಹಬೂಬ್‌ನಗರ ಜಿಲ್ಲೆಗಳಲ್ಲಿ ನೂರಾರು ಜನ ಇದೇ ಲಕ್ಷಣಗಳಿಂದ ಆಸ್ಪತ್ರೆಗಳನ್ನು ತುಂಬಿದರು. ದಾಳಿ ಮಾಡಿದವರ ಉದ್ದೇಶ ಒಳ್ಳೆಯದೇ. ಆದರೆ ಅಧಿಕಾರಿಗಳು ರೇಖೆಯ ಏರನ್ನಷ್ಟೇ ನೋಡಿದರು, ಇಳಿತದ ಕಡಿದನ್ನು ಲೆಕ್ಕಿಸಲಿಲ್ಲ.

ನಮ್ಮ ಅಭಿಪ್ರಾಯವನ್ನು ಇಲ್ಲಿ ಸ್ಪಷ್ಟವಾಗಿ ಹೇಳಿಬಿಡುತ್ತೇವೆ. ಸಿ.ಎಚ್. ಪುಡಿಯನ್ನು ಸಾಗಿಸುವವನನ್ನೂ ಬೆರೆಸುವವನನ್ನೂ ಹಿಡಿಯಬೇಕು, ದಯೆ ಬೇಡ. ಆದರೆ ಯಾವ ಹಳ್ಳಿಯಲ್ಲಿ ದಾಳಿಯಾಗುತ್ತದೆಯೋ ಅದೇ ದಿನ ಆ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಸುದ್ದಿ ಮುಟ್ಟಬೇಕು. ಸೆಳವನ್ನು ತಡೆಯುವ ಔಷಧ ಅಲ್ಲಿರಬೇಕು, ಕೊಡಬಲ್ಲ ವೈದ್ಯನಿರಬೇಕು, ಆಶಾ ಕಾರ್ಯಕರ್ತೆ ಮನೆಮನೆಗೆ ಹೋಗಿ ನಡುಗುವವರನ್ನು ಗುರುತಿಸಬೇಕು. ಮೆಟ್ಟಿಲುಗಳನ್ನು ಕಟ್ಟಿಕೊಡದೆ ಬಂಡೆಯ ಮೇಲಿದ್ದವನನ್ನು ಕೆಳಗೆ ನೂಕುವುದು ಚಿಕಿತ್ಸೆಯಲ್ಲ.

ಇದು ಆಗದ ಮಾತೆಂದು ಹೇಳುವವರಿಗೆ ಬಳ್ಳಾರಿಯ ಇತಿಹಾಸವೇ ಉತ್ತರ. 1985ರಿಂದ 1990ರವರೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ರಾಜ್ಯ ಸರಕಾರದೊಡನೆ ಕೂಡಿ ಇದೇ ಜಿಲ್ಲೆಯಲ್ಲಿ ಒಂದು ಪ್ರಯೋಗ ನಡೆಸಿದರು. ಮನೋರೋಗದ ಚಿಕಿತ್ಸೆಗೆ ದೊಡ್ಡ ಆಸ್ಪತ್ರೆಯೇ ಬೇಕೆಂದಿಲ್ಲ, ತರಬೇತಿ ಹೊಂದಿದ ಸಾಮಾನ್ಯ ವೈದ್ಯರೂ ಆರೋಗ್ಯ ಕಾರ್ಯಕರ್ತರೂ ಹಳ್ಳಿಯ ಕೇಂದ್ರಗಳಲ್ಲಿಯೇ ಅದನ್ನು ಮಾಡಬಲ್ಲರು ಎಂದು ತೋರಿಸಿದರು. 'ಬಳ್ಳಾರಿ ಮಾದರಿ' ಎಂದು ಅದು ಹೆಸರಾಯಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇಡೀ ದೇಶದಲ್ಲಿ ಇದೇ ಅಡಿಪಾಯ. ನಮ್ಮ ವಿದ್ಯಾರ್ಥಿಗಳಲ್ಲಿ ನೂರಕ್ಕೆ ಒಬ್ಬರೂ ಇದನ್ನು ಕೇಳಿರಲಿಲ್ಲ. ಬಳ್ಳಾರಿಯೆಂದರೆ ಬಿಸಿಲು, ಗಣಿ, ಧೂಳು ಎಂದು ನಾವೇ ಹೇಳಿಕೊಂಡು ತಿರುಗುತ್ತೇವೆ. ಊರಿನವರು ದೇಶಕ್ಕೆ ಕಲಿಸಿದ ಪಾಠವನ್ನು ಊರಿನ ಸೇಂದಿಗೆ ಅನ್ವಯಿಸಿದರೆ ಸಾಕು, ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಾಗಿಲ್ಲ.

ವಿದ್ಯಾರ್ಥಿಗಳು ಮಾಡಬೇಕಾದದ್ದು ಘೋಷಣೆ ಕೂಗುವುದಕ್ಕಿಂತ ಕಷ್ಟದ ಕೆಲಸ. ಗೆಳೆಯನೊಬ್ಬನು ಹೊಸ ಪುಡಿಯನ್ನೋ ಗುಳಿಗೆಯನ್ನೋ ಹೊಗೆಯನ್ನೋ ತಂದಾಗ ಅದರ ಹೆಸರನ್ನು ಕೇಳುವುದರ ಜೊತೆಗೆ, ಇದರ ತಡೆಯನ್ನು ಯಾರು ತೆಗೆದರು, ಏಕೆ ತೆಗೆದರು ಎಂದು ಕೇಳಿ. ಮನೆಯಲ್ಲಿ ಕುಡಿಯುವವರಿದ್ದರೆ, ಅವರು ಥಟ್ಟನೆ ನಿಲ್ಲಿಸಿ ನಡುಗತೊಡಗಿದರೆ, ಅದನ್ನು ನಾಟಕವೆನ್ನದೆ ವೈದ್ಯರ ಬಳಿಗೆ ಕರೆದೊಯ್ಯಿರಿ. ಟೆಲಿ-ಮಾನಸ್ ಸೇವೆಯ 14416 ಎಂಬ ಸಂಖ್ಯೆಗೆ ಹಗಲು ರಾತ್ರಿ ಯಾವಾಗಲಾದರೂ ಕನ್ನಡದಲ್ಲಿಯೇ ಮಾತನಾಡಬಹುದು. ಕೊಕೇನಿನಂಥ ದ್ರವ್ಯಗಳ ಚಟಕ್ಕೆ ಬಿದ್ದವನು ತಾನಾಗಿ ಚಿಕಿತ್ಸೆಗೆ ಮುಂದಾದರೆ, ಸೇವನೆಯ ಅಥವಾ ಅಲ್ಪ ಪ್ರಮಾಣದ ಅಪರಾಧಕ್ಕಾಗಿ ಅವನನ್ನು ಶಿಕ್ಷೆಗೆ ಗುರಿಪಡಿಸದೆ ರಕ್ಷಿಸುವ ಪ್ರಕರಣವೊಂದು, 64ಎ, ನಮ್ಮ 1985ರ ಮಾದಕ ದ್ರವ್ಯ ಕಾಯಿದೆಯಲ್ಲಿಯೇ ಇದೆ. ಅಮೆರಿಕದ 1986ರ ಕಾನೂನಿಗಿಂತ ಈ ಒಂದು ಪ್ರಕರಣದಲ್ಲಿ ನಮಗೆ ಹೆಚ್ಚು ವಿವೇಕ ಕಾಣುತ್ತದೆ. ಅದನ್ನು ಬಲ್ಲವರು ಕಡಮೆ.

ಆ ಹಮಾಲನು ಹದಿನೆಂಟು ದಿನ ಆಸ್ಪತ್ರೆಯಲ್ಲಿದ್ದನು. ಈಗ ಗಿರಣಿಯಲ್ಲಿ ಚೀಲ ಹೊರುವುದಿಲ್ಲ, ತೂಕದ ಕಾಟದ ಬಳಿ ಕುಳಿತು ಲೆಕ್ಕದ ಚೀಟಿ ಕೊಡುತ್ತಾನೆ. ಕೂಲಿ ಕಡಮೆ, ಬೆನ್ನುನೋವೂ ಕಡಮೆ. ನಡುವೆ ಎರಡು ಸಲ ಮತ್ತೆ ಕುಡಿದನಂತೆ, ಎರಡು ಸಲವೂ ಹೆಂಡತಿಯೇ ಬಳ್ಳಾರಿಗೆ ಕರೆದುಕೊಂಡು ಬಂದಳು. ಕುರುಗೋಡಿನ ಹುಡುಗನು ಮೊನ್ನೆ ತನ್ನ ಅಜ್ಜಿಯ ಎಲೆಸಂಚಿಯನ್ನು ತರಗತಿಗೆ ತಂದಿದ್ದನು. ಹೊಗೆಸೊಪ್ಪು ಅಗಿಯುವವಳ, ಬೀಡಿ ಸೇದುವವನ, ಇಬ್ಬರ ನಿಕೋಟಿನಿನ ರೇಖೆಗಳನ್ನೂ ಒಂದೇ ಹಾಳೆಯ ಮೇಲೆ ಬರೆದುಕೊಂಡು, ಬೀಡಿಯ ರೇಖೆ ಏಕೆ ಅಷ್ಟು ನೆಟ್ಟಗಿದೆಯೆಂದು ತನ್ನ ಅಪ್ಪನಿಗೆ ವಿವರಿಸಲು ಅದನ್ನು ಮನೆಗೆ ಒಯ್ದನು.